ತಗ್ಗಿನ ಮೂರು ಹೊಸ್ತಿಲು

ಯಾವುದನ್ನೇ ಆಗಲಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲು ಹಚ್ಚದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೀಗೆ ಜೋಡಿಸಿಟ್ಟೆ. ಉಪ್ಪು ಎಲ್ಲಿದೆಯೆಂದು ತಿಳಿಯದೆ ಹೆಂಡತಿ ಗಂಗವ್ವ ಸಪ್ಪನೆಯ ಸಾರು ಬಡಿಸಿದಳು. ಬೀಳಗಿ ಸೀಮೆಯ ನಮ್ಮೂರಿಗೆ ಅಣೆಕಟ್ಟಿನ ಹಿನ್ನೀರು ಬಂದಾಗಲೂ ನನ್ನ ಚಟ ಬಿಡಲಿಲ್ಲ.

ಮಳೆಗಾಲದ ಹೊಳೆ ಕೂಗಿ ಹೇಳಿ ಬರುತ್ತದೆ. ಹಿನ್ನೀರಿಗೆ ಸದ್ದೇ ಇಲ್ಲ. ಬೆಳಿಗ್ಗೆ ಎಮ್ಮೆ ಕಟ್ಟಿದ್ದ ಗೂಟ ಮಧ್ಯಾಹ್ನ ಕಾಣುತ್ತಿರಲಿಲ್ಲ, ಅಷ್ಟೇ. ಊರಿಗೆ ಇದ್ದದ್ದು ಒಂದೇ ಟ್ರ್ಯಾಕ್ಟರು. ಕತ್ತಲಾಗುವುದರೊಳಗೆ ಅದು ಮೂರು ಮನೆಗಳ ಕಾಳುಕಡಿ ಸಾಗಿಸಬಹುದು, ಉಳಿದವರದು ನಾಳೆ. ಎಲ್ಲಕ್ಕಿಂತ ತಗ್ಗಿನಲ್ಲಿರುವ ಆ ಮೂರು ಮನೆ ಯಾವುವು? ಊರಿನ ಅಷ್ಟೂ ಹೊಸ್ತಿಲುಗಳನ್ನು ಎತ್ತರದ ಪ್ರಕಾರ ಸಾಲು ಹಚ್ಚೋಣ ಎಂದೆ. ಕೂಡಲೇ ದಿನ್ನೆಯ ಮೇಲಿನ ಇಬ್ಬರು ಗೌಡರು, ನೀರಿನ ಭಯವೇ ಇಲ್ಲದವರು, ಯಾರ ಮನೆ ಹೆಚ್ಚು ಎತ್ತರವೆಂದು ಜಗಳ ತೆಗೆದರು. "ಊರು ಮುಳುಗೂತನಾ ಸಾಲು ಹಚ್ಕೋತ ಕುಂದರತೀರೇನ್ರಿ?" ಎಂದಳು ಗಂಗವ್ವ.

ನಾವೆಲ್ಲ ಕುರಿಯವರ ಪೈಕಿ. ಹೊಳೆ ದಾಟುವಾಗ ಹೆಗಲಿಗೆ ಹೊರುವ ಸಣ್ಣ ಮರಿಗಳನ್ನು ಆರಿಸಿದಂತೆಯೇ ಆರಿಸುವುದೆಂದಾಯಿತು: ಮೊದಲು ಮೂರನ್ನು ಕೈಗೆ ತಗೊಳ್ಳುವುದು, ಅವುಗಳಲ್ಲಿ ದೊಡ್ಡದಕ್ಕಿಂತ ಸಣ್ಣದೊಂದು ಸಿಕ್ಕರೆ ದೊಡ್ಡದನ್ನು ಕೆಳಗೆ ಬಿಡುವುದು, ಉಳಿದ ಹಿಂಡಿನ ಗೊಡವೆ ಬೇಡ. ಗೌಂಡಿ ಮಟ್ಟ ನೋಡುವ ನೀರು ತುಂಬಿದ ಪೈಪು ತಂದು ಒಂದು ತುದಿ ನಾನು ಹಿಡಿದೆ. ಎರಡು ಹೊಸ್ತಿಲುಗಳ ನಡುವೆ ಪೈಪಿನ ನೀರು ತುಸು ತೂಗಾಡಿ, ಹೊರಗೆ ನಿಂತ ನೀರನ್ನು ಏನೋ ಕೇಳಿಕೊಂಡಂತೆ, ತಟ್ಟನೆ ಸುಮ್ಮನಾಗುತ್ತಿತ್ತು. ನಮ್ಮ ಮನೆ ಮೊದಲಿನಿಂದಲೂ ಆ ಮೂರರೊಳಗಿತ್ತು. ಕೊನೆಗೆ ಕಲ್ಲವ್ವನ ಗುಡಿಸಲು ನಮಗಿಂತ ನಾಲ್ಕು ಬೆರಳು ತಗ್ಗೆಂದು ಗೊತ್ತಾಗಿ ನಮ್ಮದನ್ನು ಕೈಬಿಟ್ಟರು. ಟ್ರ್ಯಾಕ್ಟರು ತಪ್ಪಿತೆಂದು ಗಂಗವ್ವ ಮುಖ ಸಣ್ಣ ಮಾಡಿದರೆ ನಾನು ಮಾತ್ರ, ಅಂತೂ ನಮ್ಮದೂ ಎತ್ತರದ ಮನೆಯಾಯಿತೆಂದು ಮೀಸೆ ತೀಡಿಕೊಂಡೆ.

ಸಂಜೆ ದೀಪ ಹಚ್ಚುವಾಗ ನಮ್ಮ ಹೊಸ್ತಿಲು ಒಣಗಿಯೇ ಇತ್ತು. ಗಂಗವ್ವ ಪಡಸಾಲೆಯ ನಡುವೆ ನಿಂತುಬಿಟ್ಟಳು.

"ರೀ, ಕೆಳಗ ಯಾರೋ ನೀರ ಕುಡ್ಯಾಕತ್ತಾರ."

ಕಿವಿಗೊಟ್ಟೆ. ನೆಲದೊಳಗೆ ಗುಟುಕು ಗುಟುಕಾಗಿ ನುಂಗುವ ಸದ್ದು. ಅಲ್ಲಿದ್ದದ್ದು ನಮ್ಮ ಹಗೇವು, ವರ್ಷದ ಜೋಳ ತುಂಬಿಡುವ ನೆಲದೊಳಗಿನ ಕಣಜ. ಊರಿಗೆಲ್ಲ ಆಳವಾದದ್ದೆಂದು ಅಜ್ಜ ಹೇಳಿಕೊಳ್ಳುತ್ತಿದ್ದ. ಹೊಸ್ತಿಲುಗಳನ್ನೆಲ್ಲ ಅಳೆದಿದ್ದೆವು, ಹಗೇವಿನ ತಳ ಅಳೆಯಲು ಒಬ್ಬರಿಗೂ ಹೊಳೆದಿರಲಿಲ್ಲ.

ಮುಚ್ಚಿದ ಕಲ್ಲು ಸರಿಸಿದೆ. ನೆಂದ ಜೋಳದ ವಾಸನೆ ಮುಖಕ್ಕೆ ಬಡಿಯಿತು.

"ಎತ್ತರದ ಮನಿ ಯಜಮಾನ್ರ, ಬಗ್ಗಿ ನೋಡ್ರಿ" ಎಂದು ಗಂಗವ್ವ ದೀಪ ಹಿಡಿದಳು.

ಬಗ್ಗಿದೆ. ಕಪ್ಪು ನೀರಿನೊಳಗೆ ಮೀಸೆಯ ಮುಖವೊಂದು ನಿಧಾನವಾಗಿ ಮೇಲೇರಿ ಬರುತ್ತಿತ್ತು. ಊರಿಗೆಲ್ಲ ತಗ್ಗಿನ ಮನೆಯ ಯಜಮಾನನದು.