ಜೋಡಿ ಸೈಲೆನ್ಸರ್ ಮತ್ತು ನಮ್ಮ ಅತ್ತೆಯವರ ಕಿವಿ

ಗಾಡಿಗಳಿಗೆ ಜೋಡಿ ಸೈಲೆನ್ಸರ್ ತಯಾರಿಸುವ ಕಂಪನಿಯ ದೊಡ್ಡ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಇವತ್ತು ನನ್ನ ಉಪವಾಸ. ಬೆಳಗ್ಗೆ ಅಂಗಳ ಗುಡಿಸಿ, ನೀರು ತುಂಬಿಸಿ, ಅತ್ತೆಯವರಿಗೆ ಗಂಜಿ ಕುಡಿಸಿ, ದೇವರ ಮುಂದೆ ದೀಪ ಹಚ್ಚಿ, ಒಂದು ಲೋಟ ನೀರಷ್ಟೇ ಕುಡಿದು ಈ ಪತ್ರಕ್ಕೆ ಕುಳಿತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಬೈಯಬಾರದೆಂದು ಹಿರಿಯರು ಕಲಿಸಿರುವುದರಿಂದ, ಮೊದಲಿಗೆ ತಮಗೂ ತಮ್ಮ ಮನೆಯವರಿಗೂ ತಮ್ಮ ಕಾರ್ಖಾನೆಯಲ್ಲಿ ಕೊಳವೆ ಬಗ್ಗಿಸುವ ಪ್ರತಿಯೊಬ್ಬರಿಗೂ ಆಯುರಾರೋಗ್ಯ ಕೋರುತ್ತೇನೆ. ಕಿವಿಗಳಿಗೆ ವಿಶೇಷವಾಗಿ.

ನಮ್ಮ ಯಜಮಾನರು ಬೀಗ ರಿಪೇರಿ ಮಾಡುವವರು. ಮೋಟಾರ್ ಸೈಕಲ್ಲಿನಲ್ಲಿ ಓಣಿ ಓಣಿ ತಿರುಗಿ, ಕೀಲಿ ಕಳೆದುಕೊಂಡವರ ಬಾಗಿಲು ತೆಗೆದುಕೊಟ್ಟು ಬರುತ್ತಾರೆ. ತಾವು ತೆಗೆಯದ ಬೀಗವೇ ಇಲ್ಲವೆಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಅಂಥವರು ಗಾಡಿಯ ಎಡಕ್ಕೊಂದು ಬಲಕ್ಕೊಂದು ಇದ್ದ, ಇಪ್ಪತ್ತು ವರ್ಷ ಸದ್ದಿಲ್ಲದೆ ದುಡಿದ ಹಳೆಯ ಸೈಲೆನ್ಸರುಗಳನ್ನು ಬಿಚ್ಚಿ, ತಮ್ಮ ಕಂಪನಿಯ ಹೊಳೆಯುವ ಜೋಡಿಯನ್ನು ಹಾಕುವುದೆಂದು ಹಟ ಹಿಡಿದರು. ಪೆಟ್ಟಿಗೆಯ ಮೇಲೆ ‘ಮನೆಯಲ್ಲೇ ಅರ್ಧ ಗಂಟೆಯಲ್ಲಿ ಜೋಡಿಸಿ’ ಎಂದು ತಾವು ಅಚ್ಚು ಹಾಕಿಸಿದ್ದೀರಿ. ಯಾರ ಮನೆಯಲ್ಲಿ ಎಂದು ಹಾಕಿಸಿಲ್ಲ. ನಮ್ಮ ಮನೆಯಲ್ಲಿ ಎರಡು ದಿನ ಹಿಡಿಯಿತು.

ಊರ ಬೀಗವನ್ನೆಲ್ಲ ತೆಗೆಯುವವರಿಗೆ ಇಂಜಿನ್ನಿನ ಬುಡದ ತುಕ್ಕು ಹಿಡಿದ ನಾಲ್ಕು ನಟ್ಟು ತೆಗೆಯಲಾಗಲಿಲ್ಲ. ‘ಇವಳೇ, ಒಂದ್ಚೂರು ಎಣ್ಣೆ ಇದೆಯೇನೇ’ ಎಂದು ಕೇಳಿದವರು, ನಾನು ಹೂಂ ಅನ್ನುವ ಮೊದಲೇ ದೇವರ ದೀಪದ ಎಣ್ಣೆಯನ್ನು ಬಟ್ಟಲ ಸಮೇತ ಎತ್ತಿಕೊಂಡು ಹೋಗಿ ಸುರಿದುಬಿಟ್ಟರು. ದೇವರು ದೊಡ್ಡವನು, ಆ ಸಂಜೆ ಕತ್ತಲಲ್ಲಿ ಕುಳಿತೇ ನಟ್ಟು ಸಡಿಲಿಸಿಕೊಟ್ಟ. ಮರುದಿನ ನಾನು ಬಿಸಿ ಪಾತ್ರೆ ಇಳಿಸುವ ಬಟ್ಟೆಯಲ್ಲಿ ತಮ್ಮ ಕೊಳವೆಯನ್ನು ಹಿಡಿದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ‘ಮೇಲೆ ಹಿಡಿ, ಇನ್ನೂ ಮೇಲೆ, ಅಯ್ಯೋ ಅಷ್ಟು ಮೇಲಲ್ಲ’ ಎಂಬ ಉಪದೇಶವನ್ನು ಒಂದು ಗಂಟೆ ಕೇಳಿದೆ. ಮದುವೆಯಾದ ಮೂವತ್ತು ವರ್ಷಗಳಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕುಳಿತು ಮಾತಾಡಿದ್ದೇ ಇಲ್ಲ. ಇದಕ್ಕಾಗಿ ತಮಗೆ ಕೃತಜ್ಞತೆಗಳು.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ಬಾಯಿ ತೆರೆದುಕೊಂಡಿರುವ ಪಾತ್ರೆ, ಬಾಟಲಿ, ಬಿಂದಿಗೆ, ಯಾವುದನ್ನೂ ಮುಚ್ಚದೆ ಮಲಗುವ ಅಭ್ಯಾಸ ನನಗಿಲ್ಲ. ಹಲ್ಲಿ ಬೀಳುತ್ತದೆ, ಇರುವೆ ಹತ್ತುತ್ತದೆ. ಹೊಸ ಕೊಳವೆಗಳೆರಡೂ ಬಾಯಿ ತೆರೆದುಕೊಂಡು ನಿಂತದ್ದು ಕಂಡು, ಯಜಮಾನರ ಹಳೆ ಲುಂಗಿ ಹರಿದು ಎರಡಕ್ಕೂ ಅಚ್ಚುಕಟ್ಟಾಗಿ ತುರುಕಿದ್ದೆ. ಬೆಳಗ್ಗೆ ಹೇಳಲು ಮರೆತೆ. ಅವರು ಒಂದೇ ಒದೆತಕ್ಕೆ ಗಾಡಿ ಶುರು ಮಾಡಿ ಕೈ ತಿರುವಿದ್ದೇ ತಡ, ಲುಂಗಿಯ ಒಂದು ತುಂಡು ಗೋಡೆ ದಾಟಿ ಹಾರಿ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಓದುತ್ತಿದ್ದ ಪತ್ರಿಕೆಯ ನಡುಪುಟಕ್ಕೆ ಬಂದು ಕುಳಿತಿತು. ಇನ್ನೊಂದು ತುಂಡಿನ ಸುದ್ದಿ ಇಲ್ಲಿಯವರೆಗೂ ಇಲ್ಲ.

ಆಮೇಲೆ ಎದ್ದ ಸದ್ದನ್ನು ಯಾವ ಮಾತಿನಲ್ಲಿ ಹೊಗಳಲಿ? ಗೋಡೆಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ಕುಣಿದವು. ನನ್ನ ಜಪಮಣಿ ಎಣಿಕೆ ತಪ್ಪಿ, ಐವತ್ತರಿಂದ ನೇರವಾಗಿ ಎಂಬತ್ತಕ್ಕೆ ಹೋಯಿತು. ದೇವರು ಅದನ್ನು ಲೆಕ್ಕಕ್ಕೆ ಹಿಡಿದಿದ್ದಾನೋ ಇಲ್ಲವೋ, ತಾವೇ ಅವನನ್ನು ವಿಚಾರಿಸಿ ತಿಳಿಸಬೇಕು.

ಅಷ್ಟೇ ಆಗಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಒಳಮನೆಯಲ್ಲಿ ನಮ್ಮ ಅತ್ತೆಯವರು ಮಲಗಿದ್ದರು. ಎಂಬತ್ತೆರಡು ವರ್ಷ, ಕಿವಿ ಮುಚ್ಚಿ ಆರು ವರ್ಷ. ನಾವು ಅವರೊಡನೆ ಕೈಸನ್ನೆಯಲ್ಲೇ ಬದುಕುತ್ತಿದ್ದೇವೆ. ಅವತ್ತು ಸಂಜೆ ಇವರು ಕೆಲಸ ಮುಗಿಸಿ ಓಣಿಯ ತಿರುವಿಗೆ ಬರುತ್ತಿದ್ದಂತೆ ಅತ್ತೆಯವರು ಎದ್ದು ಕುಳಿತು, ‘ಏ, ಅವನು ಬಂದ ನೋಡು, ತಟ್ಟೆ ಹಾಕು’ ಎಂದರು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅದು ಅವರಿಗೆ ಕೇಳಿಸಲಿಲ್ಲ.

ಅಂದಿನಿಂದ ಅವರು ದಿನವೂ ಸಂಜೆ ತಲೆ ಬಾಚಿಸಿಕೊಂಡು ಕಾಯುತ್ತಾರೆ. ಇತ್ತ ಹೆಡ್‌ಮೇಷ್ಟ್ರು ಓಣಿಯವರೆಲ್ಲರ ಸಹಿ ಹಾಕಿಸಿ, ಭಾನುವಾರದೊಳಗೆ ಹಳೆಯ ಸೈಲೆನ್ಸರ್ ವಾಪಸ್ ಹಾಕದಿದ್ದರೆ ಪೊಲೀಸರಿಗೆ ಕೊಡುತ್ತೇನೆಂದು ಆ ಕಾಗದ ತೋರಿಸಿ ಹೋಗಿದ್ದಾರೆ. ಅವರದ್ದೇನೂ ತಪ್ಪಿಲ್ಲ, ಓಣಿಯಲ್ಲಿ ಹಸುಗೂಸುಗಳಿವೆ. ಯಜಮಾನರೂ ಒಪ್ಪಿಬಿಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ನಮ್ಮ ಅತ್ತೆಯವರೊಬ್ಬರಿಗೆ ಮಾತ್ರ ಕೇಳಿಸುವ, ಓಣಿಯ ಉಳಿದವರಿಗೆ ಕೇಳಿಸದ ಒಂದು ಜೋಡಿ ಸೈಲೆನ್ಸರನ್ನು ಶನಿವಾರದೊಳಗೆ ಕಳುಹಿಸಿಕೊಡಬೇಕು. ಅರ್ಧ ಗಂಟೆಯಲ್ಲಿ ಜೋಡಿಸಬಹುದು ಎಂದು ಬರೆಯುವ ಧೈರ್ಯವಿದ್ದವರಿಗೆ ಇದೇನೂ ಕಷ್ಟವಲ್ಲ. ಎಣ್ಣೆ ನಮ್ಮದೇ ಇದೆ.

ಅಲ್ಲಿಯವರೆಗೆ ಹಳೆಯ ಜೋಡಿ ಯಾರಿಗೂ ಸಿಗುವುದಿಲ್ಲ. ಅದು ಅತ್ತೆಯವರ ಮಂಚದ ಕೆಳಗಿನ ಟ್ರಂಕಿನಲ್ಲಿದೆ. ಉಪವಾಸದ ದಿನ ಸುಳ್ಳು ಹೇಳಬಾರದಲ್ಲ, ಅದಕ್ಕೇ ತಮಗೆ ಹೇಳಿದೆ; ಯಜಮಾನರು ‘ಎಲ್ಲಿಟ್ಟಿದ್ದೀಯೇ’ ಎಂದು ಕೇಳಲು ಶುರುಮಾಡಿದ ದಿನದಿಂದ ನಾಲ್ಕು ದಿನವಾಯಿತು, ನಾನು ಮೌನವ್ರತ ಹಿಡಿದಿದ್ದೇನೆ. ಅತ್ತೆಯವರಿಗೂ ಏನೂ ಹೇಳಿಲ್ಲ, ಹೇಳಿದರೆ ಕೇಳಿಸುವುದೂ ಇಲ್ಲ. ಆದರೂ ನಿನ್ನೆ ಯಜಮಾನರು ಮಂಚದ ಕೆಳಗೆ ಬಗ್ಗುವಾಗ ಅತ್ತೆಯವರು ಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟು, ‘ಅಲ್ಲೇನೋ ಹುಡುಕ್ತೀಯಾ, ಒಂದು ಸುತ್ತು ಹೋಗಿ ಬಾ ಮಗಾ, ಕೇಳೋಣ’ ಎಂದರು. ಯಜಮಾನರು ಗಾಡಿಯಲ್ಲಿ ಹೋಗಿ ಬಂದರು.

ಇದ್ದಷ್ಟು ದಿನ, ಕೇಳಿಸುವಷ್ಟು ದಿನ, ತಮ್ಮ ವಿಶ್ವಾಸಿ,
ಬೀಗ ರಿಪೇರಿಯವರ ಮನೆಯಾಕೆ

ತಾಜಾ ಕಲಂ: ಇದನ್ನು ಪತ್ರಿಕೆಗೇ ಕೊಡುತ್ತಿರುವೆ, ಏಕೆಂದರೆ ನಮ್ಮವರು ಹವಾಮಾನದ ಸುದ್ದಿ ಬಿಟ್ಟು ಬೇರೇನೂ ಓದುವುದಿಲ್ಲ. ಅಕ್ಷರ ಬಿಡದೆ ಓದುವವರು ಎದುರುಮನೆಯ ಹೆಡ್‌ಮೇಷ್ಟ್ರು. ಮೇಷ್ಟ್ರೇ, ಟ್ರಂಕು ಬಿಟ್ಟು ನಾನು ಕದಲುವಂತಿಲ್ಲ. ತಾವು ಹೇಗೂ ದಿನಾ ಬೆಳಗ್ಗೆ ಅಂಚೆ ಕಚೇರಿಯ ಕಡೆ ನಡೆಯುತ್ತೀರಿ. ಕಂಪನಿಯ ಉತ್ತರ ಬಂದಿದ್ದರೆ ದಯವಿಟ್ಟು ತಂದು ನನ್ನ ಕೈಗೇ ಕೊಡಿ. ಬರುವಾಗ ಸಂಜೆ ಆರಕ್ಕೆ ಬನ್ನಿ, ಅತ್ತೆಯವರ ಮಂಚದ ಪಕ್ಕ ಒಂದು ಕುರ್ಚಿ ಹಾಕಿರುತ್ತೇನೆ. ಓಣಿಯ ತಿರುವಿನಲ್ಲಿ ಸದ್ದಾದಾಗ ಅವರ ಮುಖವನ್ನೊಮ್ಮೆ ನೋಡಿ, ಆಮೇಲೆ ಆ ಸಹಿಗಳ ಕಾಗದವನ್ನು ಪೊಲೀಸರಿಗೆ ಕೊಡುವುದೋ, ಕೊಳವೆಗೆ ತುರುಕುವುದೋ, ತಾವೇ ಹೇಳಿ.