ಒಂದು ಉಳಿದ್ರ ನಿಂದು

ಬರ್ರಿ, ಗ್ವಾಡಿಗೆ ಬೆನ್ನು ಕೊಟ್ಟು ಆರಾಮ ಕೂಡ್ರಿ. ಚಾ ಆಮ್ಯಾಲ ಕೊಡ್ತೇನಿ, ಮದಲ ಇದನ್ನ ಕೇಳ್ರಿ. ಮನ್ಯಾಗ ಹಳೀ ಸಾಮಾನಿದ್ರ ಅದು ಸುಮ್ಮ ಕೂಡೂದಿಲ್ಲ, ಏನರೆ ಒಂದು ಮಾಡೇ ಮಾಡ್ತದ. ನಮ್ಮ ಮನ್ಯಾಗ ಅದು ಕ್ಯಾಮೆರಾ.

ನಮ್ಮ ಯಜಮಾನ್ರು ಔರಾದದಿಂದ ಕಮಲನಗರದ ತನಕ ಸೈಕಲ್ ಮ್ಯಾಲ ಹೋಗಿ ಲಗ್ನದ ಫೋಟೋ ತಗೀತಿದ್ರು. ನಂದೊಂದು ತಗೀರಿ ಅಂದ್ರ, "ರೀಲಿನಾಗ ಒಂದು ಉಳಿದ್ರ ನಿಂದು" ಅಂತಿದ್ರು. ಮಂದಿ ಲಗ್ನ ಮುಗೀಲಿಲ್ಲ, ಒಂದೂ ಉಳೀಲಿಲ್ಲ. ಅವರು ಹೋದ ಮ್ಯಾಲ ಕ್ಯಾಮೆರಾ ಭಾಲ್ಕಿಯ ಮೊಮ್ಮಗಳ ಪಾಲಿಗೆ ಬಂತು. "ಆಯಿ, ಇದ್ರಾಗೇ ನಿನ್ನ ಫೋಟೋ ತಗೀತೇನಿ" ಅಂದ್ಲು. ಅವತ್ತಿನಿಂದ ಆ ಡಬ್ಬಿ ಕನಸಿನಾಗೂ ನನ್ನ ಕಡಿ ಒಂದೇ ಕಣ್ಣಿಲೆ ನೋಡ್ತಿತ್ತು.

ಬೀದರದ ಅಂಗಡಿ

ರೀಲ್ ಹುಡಕ್ಕೊಂತ ಬೀದರಕ್ಕ ಹೋದ್ವಿ. ಹಳೀ ಓಣ್ಯಾಗ ಒಬ್ಬ ಫೋಟೋದ ಚಾಚಾ ಸಿಕ್ರು. ಪಾರಿವಾಳ ಹಿಡದಂಗ ಕ್ಯಾಮೆರಾ ಅಂಗೈಯಾಗ ಹಿಡದು, "ಕಲರ್ ಕೊಡ್ಲ್ಯಾ, ಕಪ್ಪು-ಬಿಳಿ ಕೊಡ್ಲ್ಯಾ?" ಅಂದ್ರು.

"ಸೀರಿಗೆ ಕಲರ್, ಮಾರಿಗೆ ಕಪ್ಪು-ಬಿಳಿ ಕೊಡ್ರಿ."

"ಒಂದೇ ರೀಲಿನಾಗ ಎರಡೂ ಬರೂದಿಲ್ಲ ಅಮ್ಮಾ."

ಹಸರ ಸೀರಿ ಮನಸಿನಾಗಿತ್ತು, ಕಲರ್ ಅಂದೆ. ಚಾಚಾ ಎರಡು ಡಬ್ಬಿ ಇಟ್ರು. "ಈ ನೂರರ ರೀಲಿಗೆ ಬಿಸಲು ಭಾಳ ಬೇಕು. ನಾಕನೂರರದ್ದು ನೆಳ್ಳಾಗೂ ನಡೀತದ."

"ಚಾಚಾ, ಈ ಸೀಮ್ಯಾಗ ಬಿಸಲು ಉಳಿಸಿ ಯಾರಿಗೆ ಕೊಡೂದದ? ನೂರರದ್ದೇ ಕಟ್ರಿ."

ಭಾಲ್ಕಿಯ ಪೂಜಿ

ಮೊಮ್ಮಗಳು ರೀಲ್ ಹಾಕಿಟ್ಲು. ಮರುದಿನ ದಸರಾದ ಖಂಡೆಪೂಜಿ. ನಮ್ಮ ಬೀಗತಿ, ಅಂದ್ರ ಆಕಿ ಅಪ್ಪನ ತಾಯಿ, ಕುಡಗೋಲು, ಹೊಲಿಗಿ ಮಿಷನ್, ಗಾಡಿ ಎಲ್ಲಾಕ್ಕೂ ವಿಭೂತಿ ಗಟ್ಟಿ ತೇದು ಇಬತ್ತಿ ಹಚ್ಚಿ ಕ್ಯಾಮೆರಾಕ್ಕ ಬಂದ್ರು. ಹೊರಗಷ್ಟೇ ಹಚ್ಚಿದ್ರ ಒಳಗಿನ ದೇವರಿಗೆ ಮುಟ್ಟೂದಿಲ್ಲಂತ, ಅಂಗಳದ ಬಿಸಲಾಗ ಅದರ ಹೊಟ್ಟಿ ತಗದು ಇಬತ್ತಿ ಹಚ್ಚಿದ್ರು.

ಮೊಮ್ಮಗಳು ಅಲ್ಲೇ ನೆಲಕ್ಕ ಕುಂತ್ಲು. "ಬೆಳಕು ಬಡದು ರೀಲ್ ಹೋಯ್ತಲ್ಲ ಅಜ್ಜಿ."

"ಎಲ್ಲಿ ಹೋಗ್ಯದ, ಇಲ್ಲೇ ಅದ" ಅಂದ್ರು ಬೀಗತಿ. "ಆ ಚಾಚಾನೇ ಮೋಸ ಮಾಡ್ಯಾನ. ನಾ ಪೂರಾ ಎಳದು ನೋಡೀನಿ, ಒಂದೂ ಫೋಟೋ ಬಂದಿಲ್ಲ."

ಔರಾದದ ಎಮ್ಮಿ

ಆ ನಾಕನೂರರದ್ದು ಯಾರೋ ಒಯ್ದಿದ್ರು; ಚಾಚಾನ ಹತ್ರ ಆ ಅಳತೀ ರೀಲ್ ಇನ್ನೊಂದೇ ಇತ್ತು, ಕಪ್ಪು-ಬಿಳಿದು. ಹನ್ನೆರಡು ಫೋಟೋ. ಇದು ಹೋದ್ರ ಮತ್ತ ಸಿಗೂದು ಗ್ಯಾರಂಟಿ ಇಲ್ಲಂದ್ರು.

ಹೊತ್ತು ಇಳಿಯೂ ಮುಂದ, ಔರಾದದ ನಮ್ಮ ಅಂಗಳದಾಗ ಬೇವಿನ ಗಿಡದ ಕೆಳಗ ಕುಂತೆ. ಧೂಳೆಲ್ಲ ಬಂಗಾರ ಆಗಿತ್ತು. ಓಣಿ ಮಂದಿ "ನಂದೊಂದು, ನಂದೊಂದು" ಅಂತ ಬಂದ್ರು. ಒಲ್ಲೆನ್ನೂದು ನನಗ ಬರೂದಿಲ್ಲ. ಕಡೀಕ ಒಂದೇ ಉಳೀತು.

ಮೊಮ್ಮಗಳು ಗುರಿ ಹಿಡದ್ಲು. ಅಷ್ಟರಾಗ ನಮ್ಮ ಎಮ್ಮಿ ಹಗ್ಗ ಹರಕೊಂಡು ನಡುವ ಬಂದು ನಿಂತು ಕ್ಯಾಮೆರಾನೇ ನೋಡ್ತು. ಆಕಿ ಗಾಬರ್ಯಾಗಿ ಒತ್ತಿಬಿಟ್ಲು. ಉಳಿದ ಒಂದೂ ಎಮ್ಮಿಗೆ ಹೋಯ್ತು.

ಫೋಟೋ ನೋಡಾಕ ಭಾಲ್ಕಿಯಿಂದ ಬಂದಿದ್ದ ಬೀಗತಿ ಅಂದ್ರು: "ರೀಲ್ ತಿರವಬ್ಯಾಡವಾ, ಅದರ ಮ್ಯಾಲೇ ಇನ್ನೊಮ್ಮಿ ಒತ್ತು. ಹರದ ಕೌದಿಗೆ ತ್ಯಾಪಿ ಹಚ್ಚೂದಿಲ್ಲೇನು?"

"ಎರಡೂ ಒಂದ್ರಾಗೊಂದು ಕಲೀತಾವ ಅಜ್ಜಿ."

"ಕಲೀಲಿ, ಒತ್ತು" ಅಂದೆ ನಾ, ಎಮ್ಮೀನ ಅತ್ತ ಅಟ್ಟಿ.

ಚಾಚಾ ತೊಳದು ಕೊಟ್ಟ ಫೋಟೋ ಮುಂಜಾನಿ ಮಂಜಿನಾಗ ಕಂಡಂಗಿತ್ತು. ನನ್ನ ಸೀರಿ ತುಂಬ ಬೇವಿನ ಎಲಿ, ಎಮ್ಮಿ ಹೊಟ್ಟ್ಯಾಗ ನನ್ನ ಕೈ, ನನ್ನ ತಲಿ ಮ್ಯಾಲ ಎರಡು ಕೋಡು. ಬೀಗತಿ ಭಾಳ ಹೊತ್ತು ನೋಡಿ, "ಚಂದ ಬಂದದರಿ. ಇದ್ರಾಗ ನೀವು ಯಾವಕಿ?" ಅಂದ್ರು.

ಈಗ ಚಾಚಾ ಅದರದೊಂದು ಕಾಪಿ ಅಂಗಡಿ ಗಾಜಿನಾಗ ಹಚ್ಯಾರ. ಹ್ಯಾಂಗ ತಗದ್ರಿ ಅಂತ ಕೇಳಿದವರಿಗೆ, "ಅದಕ್ಕ ರೀಲ್ ಸಾಲೂದಿಲ್ಲ, ಔರಾದದ ಎಮ್ಮಿ ಬೇಕು" ಅಂತಾರ. ಮೊಮ್ಮಗಳು ರೀಲ್ ದೂರದಿಂದ ತರಸ್ತಾಳ, ಕ್ಯಾಮೆರಾ ಪೆಟಗ್ಯಾಗಿಟ್ಟು ಕೀಲಿ ಹಾಕ್ತಾಳ. ಬೀಗತಿ ದಸರಾಕ್ಕ ಕೀಲಿಗೇ ಇಬತ್ತಿ ಹಚ್ತಾರ. ಎಮ್ಮಿ ಕರ ಹಾಕ್ಯದ, ಈಗ ನೀವು ಕುಡಿಯೂ ಚಾ ಅದರ ಹಾಲಿಂದೇ.

ನಾ ಗ್ವಾಡಿ ಮ್ಯಾಲ, ನಮ್ಮ ಯಜಮಾನ್ರ ಬಾಜೂಕ ಅದೀನಿ, ಕೋಡು ಸಮೇತ. ಒಂದು ಉಳಿದ್ರ ನಿಂದು ಅಂದಿದ್ರು. ಉಳೀತು ಖರೆ, ಅರ್ಧ ನಂದು, ಅರ್ಧ ಎಮ್ಮಿದು.