ಹಿಂದಿನ ಸೀಟಿನ ಸೆಟ್ಟಿಂಗು

ನಮ್ಮ ಕಡೂರು ಸೀಮೆಲಿ ನಿಂತಿರೋ ಗಾಡಿ ಕಂಡ್ರೆ ಜನರ ಕೈ ಸುಮ್ಮನಿರಲ್ಲ. ದಾರೀಲಿ ಹೋಗೋರು ನಿಂತು ಟೈರ್ ಒತ್ತಿ ನೋಡ್ತಾರೆ, ಸೀಟ್ ತಟ್ಟಿ ನೋಡ್ತಾರೆ, "ಎಷ್ಟು ಕೊಡ್ತದೆ?" ಅಂತ ಮೈಲೇಜ್ ಕೇಳ್ತಾರೆ, ಹೇಳಿದ್ರೆ ನಂಬಲ್ಲ. ಹಾಗಾಗಿ ನಾನು ಟೂರಿಂಗ್ ಬೈಕ್ ತಗೊಂಡಾಗಿನಿಂದ ಒಂದಲ್ಲ ಒಂದು ಆಗ್ತಾನೇ ಇದೆ. ಅನುಭವಿಸೋನು ನಾನು, ನಗೋರು ಊರವರು.

ನಂದು ಕಡೂರಲ್ಲಿ ಕೊಬ್ಬರಿ ಮಂಡಿ. ಐವತ್ತು ದಾಟಿದ ಮೇಲೆ ಬಂದ ಆಸೆ ಈ ಬೈಕು. "ಈ ವಯಸ್ಸಲ್ಲಿ ಇದ್ಯಾಕ್ರೀ ಕುದುರೆ?" ಅಂದಳು ಹೆಂಡತಿ. ಅವಳಿಗೆ ಗಾಡಿ ಗೊತ್ತಿಲ್ಲ ಅಂತಲ್ಲ. ಮದುವೆಗೆ ಮುಂಚೆ ತವರೂರು ಶಿವನಿಲಿ ಅವರಪ್ಪನ ಹಳೇ ಮೋಟಾರ್ ಸೈಕಲ್ಲಿಗೆ ಕ್ಯಾನ್ ಕಟ್ಕೊಂಡು ಡೈರಿಗೆ ಹಾಲು ಹಾಕಿ ಬರ್ತಿದ್ದಳಂತೆ. ಅಂತೆ! ನಾನೇನು ನೋಡಿಲ್ಲ.

ಮೊದಲನೇ ಸಲ ಅವಳನ್ನ ಹಿಂದೆ ಕೂರಿಸ್ಕೊಂಡು ಅಜ್ಜಂಪುರದ ಮೇಲೆ ಶಿವನಿಗೆ ಹೋದೆ. ರಸ್ತೇಲಿ ಒಂದೊಂದು ಹಂಪ್ ಬಂದಾಗ್ಲೂ ಗಾಡಿ ಹಿಂದ್ಗಡೆ 'ಧಡ್' ಅಂತ ಕೂತ್ಕೊಳ್ಳೋದು, ಅವಳು "ಅಯ್ಯಪ್ಪಾ!" ಅನ್ನೋಳು. ವಾಪಸ್ ಬಂದ ಮೇಲೆ ವಾರಗಟ್ಟಲೆ ಎಣ್ಣೆ ನೀವಿಸ್ಕೊಂಡು ಮಲಗಿದಳು. ಎದ್ದ ದಿನ ತೀರ್ಪು ಕೊಟ್ಟಳು:

"ನನ್ನ ತಂಗಿ ಮಗೂದು ನಾಮಕರಣ ಬರ್ತದೆ. ಅಷ್ಟರೊಳಗೆ ಈ ಗಾಡಿ ಸರಿ ಮಾಡ್ಸಿ. ಅವತ್ತು ಶಿವನಿಲಿ ಇಳಿಯೋ ಹೊತ್ತಿಗೆ ಸೊಂಟ ಹಿಡ್ಕೊಂಡಿದ್ರೆ ಇದನ್ನ ಮಾರಿ ಸ್ಕೂಟರ್ ತರಬೇಕು. ಆಯ್ತಾ?"

"ಆಯ್ತು" ಅಂದೆ. ಬೇರೆ ಇನ್ನೇನು ಹೇಳಕ್ಕಾಗ್ತದೆ, ಹೇಳಿ.

ಮೂಟೆಗೆ ಹೆಲ್ಮೆಟ್

ಮೆಕ್ಯಾನಿಕ್ ಗಾಡಿ ಸುತ್ತ ಒಂದು ಸುತ್ತು ಬಂದು ಹೇಳಿದ: "ಗಾಡೀದೇನು ತಪ್ಪಿಲ್ಲ ಸಾರ್. ಒಬ್ರು ಕೂರೋ ಸೆಟ್ಟಿಂಗಲ್ಲಿ ಇಬ್ರು ಹೋಗಿದೀರಿ. ಹಿಂದೆ ಕೂರೋರ ತೂಕಕ್ಕೆ ತಕ್ಕಂಗೆ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡ್ಬೇಕು. ಇಲ್ಲಿ ನಂಬರ್ ಇದೆ ನೋಡಿ, ತಿರುಗ್ಸಿದ್ರೆ ಆಯ್ತು. ಮೇಡಮ್ ತೂಕ ಎಷ್ಟು?"

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. ಸಾರು ಬಡಿಸ್ತಿದ್ದ ಸೌಟು ಅಲ್ಲೇ ನಿಂತ್ಕೊಳ್ತು.

"ಯಾಕೆ?"

"ಸ್ಪ್ರಿಂಗಿಗೆ ಕಣೇ."

ಏನೋ ಒಂದು ತೂಕ ಹೇಳಿದಳು. ಅದು ನಮ್ಮ ಮದುವೆ ಹೊತ್ತಿನ ತೂಕ. ಅದನ್ನ ನಂಬಿ ಸ್ಪ್ರಿಂಗ್ ಬಿಗಿ ಮಾಡಿಸಿದ್ರೆ ನನ್ನ ಗಾಡಿ ಕೈಬಿಟ್ಟ ಹಂಗೇ! ಮೂವತ್ತು ವರ್ಷ ಮಂಡಿ ನಡೆಸಿದೋನು ನಾನು, ಮೂಟೆ ಕಣ್ಣಲ್ಲೇ ನೋಡಿ ತೂಕ ಹೇಳ್ತೀನಿ. ಅವಳು ಕೈ ತೊಳೆಯಕ್ಕೆ ಹೋದಾಗ ಹಿಂದಿನಿಂದ ಒಂದು ಅಂದಾಜು ಮಾಡ್ಕೊಂಡೆ. ಅಷ್ಟೇ ತೂಕದ ಕೊಬ್ಬರಿ ಮೂಟೆ ಒಂದನ್ನ ಆರಿಸಿ, ಹಮಾಲರ ಕೈಲಿ ಹಿಂದಿನ ಸೀಟಿಗೆ ಹಗ್ಗ ಹಾಕಿ ಕಟ್ಟಿಸಿದೆ. ಮೆಕ್ಯಾನಿಕ್ಕನ್ನ ಮಂಡಿಗೇ ಕರೆಸಿದೆ.

ಅವನು ಶ್ರದ್ಧೆಯ ಮನುಷ್ಯ. "ಹೆಲ್ಮೆಟ್ ತೂಕಾನೂ ಸೇರ್ಬೇಕಲ್ವಾ ಸಾರ್" ಅಂತ ಹೆಂಡತಿಯ ಕೆಂಪು ಹೆಲ್ಮೆಟ್ಟನ್ನ ಮೂಟೆ ತಲೆ ಮೇಲೆ ಇಟ್ಟು ಪಟ್ಟಿ ಬಿಗಿದ. ನಾನು ಮುಂದೆ ಕೂತು ಗಾಡಿ ಕುಲುಕಿಸ್ತಾ ಇದ್ದೆ, ಅವನು ಸ್ಪ್ರಿಂಗ್ ಎಷ್ಟು ಕುಗ್ತದೆ ಅಂತ ಟೇಪ್ ಹಿಡಿದು ಅಳೀತಾ ಇದ್ದ. ಮನೇಲಿ ಬಿಟ್ಟು ಬಂದಿದ್ದ ಫೋನ್ ಕೊಡಕ್ಕೆ ಅಂತ ಹೆಂಡತಿ ಆಗಲೇ ಬರ್ಬೇಕಾ!

ಮೂಟೆ ನೋಡಿದಳು. ಹೆಲ್ಮೆಟ್ ನೋಡಿದಳು.

"ಯಾರ್ರೀ ಇವಳು?"

ನಾನು ಏನಾದ್ರೂ ಹೇಳೋಷ್ಟರಲ್ಲಿ ಆ ಸತ್ಯಹರಿಶ್ಚಂದ್ರ ಬಾಯಿ ಬಿಟ್ಟ: "ನೀವೇ ಮೇಡಮ್."

ಅವತ್ತು ರಾತ್ರಿ ನನ್ನ ತಟ್ಟೆಗೆ ಬಿದ್ದಿದ್ದು ತಣ್ಣಗಿನ ಮುದ್ದೆ, ಕೊಬ್ಬರಿ ಚಟ್ನಿ. ಬರೀ ಕೊಬ್ಬರಿ ಚಟ್ನಿ.

ತರೀಕೆರೆಯ ಯಜಮಾನರು

ಏನೇ ಆಗಲಿ, ಸ್ಪ್ರಿಂಗ್ ನಾಲ್ಕನೇ ನಂಬರಿಗೆ ಬಂದು ನಿಂತಿತ್ತು. ಆ ನಂಬರ್ ದೇವರ ಹೆಸರಿನ ಹಾಗೆ ಬಾಯಿಪಾಠ ಮಾಡ್ಕೊಂಡೆ. ಮಾರನೇ ದಿನ ವ್ಯಾಪಾರದ ಕೆಲಸಕ್ಕೆ ತರೀಕೆರೆಗೆ ಹೋಗಿ, ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ ಒಳಗೆ ಕಾಫಿ ಕುಡಿದು ಈಚೆ ಬಂದೆ. ನನ್ನ ಗಾಡಿ ಮೇಲೆ ಒಬ್ರು ಬಿಳಿ ಪಂಚೆ ಯಜಮಾನರು ಕೂತು, ಎರಡೂ ಕೈಲಿ ಹ್ಯಾಂಡಲ್ ಹಿಡಿದು ಮೇಲೆ ಕೆಳಗೆ ಕುಣಿಸ್ತಾ ಇದ್ದಾರೆ!

ನಾನು ಬಾಯಿ ತೆಗೆಯೋ ಮೊದಲೇ ಅವರೇ ಕರೆದ್ರು: "ಬನ್ರೀ ಇಲ್ಲಿ. ಸ್ವಲ್ಪ ಹಿಂದೆ ಕೂತ್ಕೊಳಿ."

ದೊಡ್ಡೋರು ಕರೆದ್ರೆ ಇಲ್ಲ ಅನ್ನೋ ಅಭ್ಯಾಸ ನಮ್ಮಪ್ಪ ಕಲಿಸಲಿಲ್ಲ. ಕೂತೆ. ನನ್ನ ಗಾಡಿಗೆ ನಾನೇ ಹಿಂದಿನ ಸವಾರ. ಇಬ್ಬರೂ ಸೇರಿ ನಾಲ್ಕು ಸಲ ಕುಣಿದ್ವಿ.

"ಈಗ ನೋಡಿ, ಎಷ್ಟು ಮೆತ್ತಗಾಯ್ತು! ಬಲೇ ಬಿಗಿ ಇತ್ತು ಕಣ್ರೀ. ಕೆಳಗೊಂದು ತಿರುಗಣೆ ಇದೆ, ನಾನೇ ಸಡಿಲ ಮಾಡ್ದೆ" ಅಂದ್ರು.

ಬಗ್ಗಿ ನೋಡಿದೆ. ನಾಲ್ಕು ಹೋಗಿ ಒಂದಾಗಿದೆ. "ಅಲ್ಲ ಸ್ವಾಮಿ, ಅದನ್ನ ಯಾಕೆ ಮುಟ್ಟಕ್ಕೆ ಹೋದ್ರಿ?"

"ಪಾಪ, ಯಾರೋ ಗೊತ್ತಿಲ್ಲದೋರು ಬಿಗಿ ಮಾಡಿದ್ರು. ಪುಣ್ಯದ ಕೆಲಸ ಬಿಡಿ" ಅಂತ ಇಳಿದು ಪಂಚೆ ಕೊಡವಿಕೊಂಡ್ರು. ನಾನು ಇನ್ನೂ ಹಿಂದಿನ ಸೀಟಲ್ಲೇ ಪೆಚ್ಚಾಗಿ ಕೂತಿದ್ದೆ. ಅದನ್ನ ನೋಡಿ ಗದರಿಸಿದ್ರು:

"ಬೇಗ ಇಳೀರಿ ನೀವು. ಗಾಡಿ ಓನರ್ ಬಂದು ನೋಡಿದ್ರೆ ಏನಂದ್ಕೊಂಡಾನು!"

ಅಮಾವಾಸ್ಯೆ ಪೂಜೆ

ನಂಬರ್ ನೆನಪಿದೆಯಲ್ಲ, ತಿರುಗಿಸಿ ನಾಲ್ಕಕ್ಕೆ ಇಟ್ರಾಯ್ತು ಅಂತ ಸಮಾಧಾನ ಮಾಡ್ಕೊಂಡು ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಅಮಾವಾಸ್ಯೆ. ನಮ್ಮಮ್ಮ ನಾನು ಏಳೋದ್ರೊಳಗೆ ಗಾಡಿಗೆ ಪೂಜೆ ಮುಗಿಸಿಬಿಟ್ಟಿದ್ರು. ಹೆಡ್‌ಲೈಟಿಗೆ ಮೂರು ಪಟ್ಟೆ ವಿಭೂತಿ. ಮುಂದಿನ ಗಾಳಿ ತಡೆಯೋ ಗಾಜಿಗೆ, ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ, ಮೂರು ಪಟ್ಟೆ. ಶಾಕ್ ಅಬ್ಸಾರ್ಬರಿನ ತಿರುಗಣೆಗಂತೂ ನೀರಲ್ಲಿ ಕಲಸಿದ ವಿಭೂತಿ ದಪ್ಪಗೆ ಬಳಿದು, ನಡುವೆ ಕುಂಕುಮ ಇಟ್ಟು, ಹೂವು ಸಿಕ್ಕಿಸಿದ್ರು. ನಂಬರ್ ಒಂದೂ ಕಾಣ್ತಿಲ್ಲ.

ಬಟ್ಟೆ ತಗೊಂಡು ಒರೆಸಕ್ಕೆ ಹೋದೆ.

"ಲೇ! ಮುಟ್ಟೀಯ! ಮಠದಿಂದ ಬಂದಿರೋ ವಿಭೂತಿ ಕಣೋ ಅದು. ತಾನಾಗೇ ಉದುರ್ಬೇಕು, ಒರೆಸಬಾರ್ದು."

"ನಂಬರ್ ಕಾಣಲ್ಲ ಕಣಮ್ಮ. ಹೆಂಗೆ ಬಿಗಿ ಮಾಡ್ಲಿ?"

"ಕಾಯೋನು ಶಿವ ಅಂತ ನಾನು ಇಟ್ಟಿದ್ರೆ, ನೀನು ಸ್ಪ್ರಿಂಗ್ ಕಾಯ್ತದೆ ಅಂತೀಯೇನೋ? ಒರೆಸು ನೋಡಣ, ಇವತ್ತು ನಾನು ಊಟ ಮುಟ್ಟಲ್ಲ!"

ಅಮ್ಮನ ಹಸಿವಿಗೂ ಹೆಂಡತಿ ಸೊಂಟಕ್ಕೂ ನಡುವೆ ಸಿಕ್ಕಿ ಅಡಕತ್ತರಿಯ ಅಡಿಕೆ ಆಗಿಹೋದೆ. ಮೆಕ್ಯಾನಿಕ್ ಹತ್ರ ಹೋದ್ರೆ ಅವನೂ ಚಪ್ಪಲಿ ಬಿಟ್ಟು ಬಂದು, ತಿರುಗಣೆ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಇದನ್ನ ನಾನೂ ಒರೆಸಲ್ಲ ಸಾರ್. ಮತ್ತೆ ಅಳತೆ ಹಿಡಿದೇ ಬಿಗಿ ಮಾಡಣ" ಅಂದ. ಆಮೇಲೆ ಸುತ್ತ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದ: "ಅವ್ರನ್ನ ಇನ್ನೊಂದ್ಸಲ ಕರೆಸ್ತೀರಾ... ಮೂಟೇನ?"

ಎಮ್ಮೆದೊಡ್ಡಿಯ ಪರೀಕ್ಷೆ

ಈ ಸಲ ಬಾಗಿಲು ಹಾಕ್ಕೊಂಡು ಅಳತೆ ಮಾಡಿ, ಮೂಟೆ ಸಮೇತ ಎಮ್ಮೆದೊಡ್ಡಿ ಕಡೆ ಪರೀಕ್ಷೆಗೆ ಹೋದೆ. ಹಳ್ಳ ದಿಣ್ಣೆ ಎಲ್ಲಾ ಹಾಯಿಸಿದೆ. ಗಾಡಿ ಒಂದು ಸಲಾನೂ 'ಧಡ್' ಅನ್ನಲಿಲ್ಲ. ಸಂತೋಷ ತಡೀಲಾರದೆ ದನ ಮೇಯೋ ಕಾವಲಿನ ಪಕ್ಕ ನಿಲ್ಲಿಸಿ ನೀರು ಕುಡಿಯೋಣ ಅಂತ ಮರದಡಿ ಹೋದೆ. ತಿರುಗಿ ನೋಡಿದ್ರೆ ಅಮೃತಮಹಲ್ ಹಸು ಒಂದು ಬಂದು ಕತ್ತು ನನ್ನ ಗಾಡಿಗೆ ಉಜ್ತಾ ಇದೆ! ಕೊಂಬು ತಗುಲಿ ಕನ್ನಡಿ ಆಕಾಶ ನೋಡ್ತಿದೆ.

"ಹೇ! ಹೈ! ಹೋಗ್!" ಅಂತ ಕಲ್ಲು ಎತ್ಕೊಂಡೆ. ದನ ಕಾಯೋನು ಕೋಲು ಊರ್ಕೊಂಡು ಓಡಿ ಬಂದ.

"ಕಲ್ಲು ಬಿಸಾಕಣ್ಣ ಮೊದ್ಲು! ಅದು ಸರ್ಕಾರಿ ದನ."

"ನನ್ನ ಗಾಡಿ ಕನ್ನಡಿ ತಿರುಚಿ ಹಾಕಿದೆಯಲ್ಲಪ್ಪಾ!"

"ಸರ್ಕಾರದ್ದು ಅಂದ್ಮೇಲೆ ಸ್ವಲ್ಪ ತಾಳ್ಕೊಬೇಕು" ಅಂದ. "ಅದರ ಕೆಲಸ ಮುಗಿಯೋಗಂಟ ನೀನೂ ಬಂದು ನೆರಳಲ್ಲಿ ಕೂತ್ಕೋ."

ಕೂತೆ. ಅದರ ಕೆಲಸ ಬೇಗ ಮುಗೀಲಿಲ್ಲ.

ಶಿವನಿಲಿ ಇಳಿಯದ ಅಳಿಯ

ನಾಮಕರಣದ ದಿನ ಬಂತು. ಹಿಂದಿನ ಸ್ಪ್ರಿಂಗ್ ಸರಿ ಇದೆ. ಆದ್ರೂ ಗಾಡಿ ಹೋಗ್ಬಿಡ್ತದೆ ಅನ್ನೋ ಭಯ ನನ್ನ ಬಿಡ್ಬೇಕಲ್ಲ! ಅವಳಿಗೆ ಇನ್ನೂ ಜಾಗ ಆಗ್ಲಿ ಅಂತ ನನ್ನ ಸೀಟು ಮುಂದಕ್ಕೆ ಸರಿಸಿದೆ. ಅವಳಿಗೆ ಗಾಳಿ ಹೊಡೀದಿರ್ಲಿ ಅಂತ ಗಾಜು ಎತ್ತರಿಸಿದೆ, ಅದಕ್ಕೆ ತಗುಲ್ತದೆ ಅಂತ ಹ್ಯಾಂಡಲ್ ತಗ್ಗಿಸಿದೆ. ಅವಳ ಸೀಟಿಗೆ ಕಂಬಳಿ ಮಡಿಸಿ ಹಾಸಿದೆ. ಹೊರಟ್ವಿ. ಅವಳು ಹಿಂದೆ ದಸರಾ ಅಂಬಾರಿಲಿ ಕೂತಂಗೆ ಕೂತಿದ್ದಳು. ನಾನು ಮುಂದೆ ಟ್ಯಾಂಕಿನ ಮೇಲೆ ಮುದುರ್ಕೊಂಡು, ಮೊಣಕಾಲು ಹೊಟ್ಟೆಗೆ ಹತ್ತಿಸ್ಕೊಂಡು, ವಿಭೂತಿ ಪಟ್ಟೆಗಳ ಸಂದೀಲಿ ರಸ್ತೆ ನೋಡ್ತಾ ಓಡಿಸಿದೆ.

ಅಜ್ಜಂಪುರ ದಾಟಿದ ಮೇಲೆ ಹಿಂದಿನಿಂದ ಹಾಡು ಕೇಳಿಸ್ತು. ನಮ್ಮೋಳು ಹಾಡ್ತಾ ಇದ್ದಾಳೆ! ಗೆದ್ದೆ ಅಂದ್ಕೊಂಡೆ.

ಶಿವನಿಲಿ ಅವಳು ಪಟಕ್ಕಂತ ಇಳಿದಳು. "ಉಯ್ಯಾಲೇಲಿ ಬಂದಂಗಾಯ್ತಪ್ಪಾ" ಅಂತ ಅವರಪ್ಪನಿಗೆ ಹೇಳಿ ಮಗು ನೋಡಕ್ಕೆ ಒಳಗೆ ಓಡಿದಳು. ನಾನೂ ಇಳಿಯೋಣ ಅಂತ ಕಾಲೆತ್ತಿದೆ. ಸೊಂಟದಲ್ಲಿ ಏನೋ ಒಂದು ಚಳಕ್ಕಂತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಯ್ಯೋ ಶಿವನೇ! ಇದು ಗೊತ್ತಾದ್ರೆ ಗಾಡಿ ಹೋಯ್ತು ಅಂತ ಹಲ್ಲು ಕಚ್ಕೊಂಡು ಕೂತೆ.

ಮಾವನವರು ಕಾಲಿಗೆ ನೀರು ತಂದು ನಿಂತ್ರು. "ಇಳೀರಿ ಅಳಿಯಂದ್ರೆ."

"ಇರ್ಲಿ ಮಾವ. ಇಲ್ಲೇ ಗಾಳಿ ಚೆನ್ನಾಗಿದೆ."

ಚೊಂಬು ಹಿಡ್ಕೊಂಡು ಅವರು ಕಾದ್ರು. ನಾನು ನಕ್ಕೆ. ಅತ್ತೆ ಬಾಗಿಲಿಗೆ ಬಂದ್ರು. ಮನೆ ಹೆಂಗಸರೆಲ್ಲಾ ಇಣುಕಿದ್ರು. "ಅಳಿಯಂದ್ರು ಇಳೀತಿಲ್ಲ" ಅಂತ ಪಿಸಿಪಿಸಿ ಶುರುವಾಯ್ತು. ಅತ್ತೆ ಮಾವನನ್ನ ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸ್ತು: "ಮುನಿಸ್ಕೊಂಡವ್ರೆ ಕಣ್ರೀ! ಕರೆಯಕ್ಕೆ ನೀವೇ ಹೋಗ್ಬೇಕಿತ್ತು, ಫೋನಲ್ಲಿ ಹೇಳಿದ್ರಿ!"

ಆಮೇಲೆ ನೋಡಿ ಉಪಚಾರ! ಗಾಡಿ ಮೇಲೆ ಕೂತಂಗೇ ನನ್ನ ಕಾಲಿಗೆ ನೀರು ಹಾಕಿದ್ರು. ಆರತಿ ಬಂತು. ಶರಬತ್ತು ಬಂತು. ನಾನು ಇಳೀಲಿಲ್ಲ. ಹೊಸ ಪಂಚೆ, ಶಲ್ಯ ತಂದು ಹೆಗಲಿಗೆ ಹಾಕಿದ್ರು. ಇಳೀಲಿಲ್ಲ. ಮಾವನವರ ಮುಖ ಸಣ್ಣಗಾಯ್ತು. "ನಮ್ಮಿಂದ ತಪ್ಪಾಗಿದೆ, ಹೊಟ್ಟೇಲಿ ಹಾಕ್ಕೊಳಿ" ಅಂತ ತಮ್ಮ ಬೆರಳಿನ ಉಂಗುರ ತಿರುವಿ ತಿರುವಿ ತೆಗೆಯಕ್ಕೆ ಶುರು ಮಾಡಿದ್ರು. ನನಗೆ ನಾಚಿಕೇಲಿ ಬೆವರು ಇಳೀತಿತ್ತು. ಬೇಡ ಮಾವ ಅಂತ ಕೈ ಎತ್ತಕ್ಕೆ ಹೋದ್ರೆ ನೋವಿಗೆ "ಹ್ಞಾ!" ಅಂತ ಕಿರುಚಿಬಿಟ್ಟೆ. ಪಾಪ, ಉಂಗುರ ಸಾಲದು ಅಂತ ತಿಳ್ಕೊಂಡು ಅತ್ತೆ ಸರಕ್ಕೆ ಕೈ ಹಾಕಿದ್ರು.

ಅಷ್ಟರಲ್ಲಿ ಹೆಂಡತಿ ಈಚೆ ಬಂದಳು. ನನ್ನ ಮುಖ ಒಂದು ಸಲ ನೋಡಿದಳು, ಸಾಕು.

"ಅಪ್ಪಾ, ಉಂಗುರ ಹಾಕ್ಕೊಳಿ. ಅಮ್ಮ, ಸರ ಬಿಡು. ಇವರೇನು ಮುನಿಸ್ಕೊಂಡಿಲ್ಲ. ಸೊಂಟ ಹಿಡ್ಕೊಂಡಿದೆ."

ಭಾವಮೈದಂದಿರು ನನ್ನ ಕೂತ ಆಕಾರದಲ್ಲೇ ಎತ್ಕೊಂಡು ಹೋಗಿ ಮಂಚದ ಮೇಲೆ ಇಟ್ರು. ಎಣ್ಣೆ ನೀವಿಸ್ಕೊಳ್ತಾ ಬೋರಲು ಮಲಗಿದ್ದಂಗೇ ಕೇಳಿದೆ: "ಹಂಗಾದ್ರೆ... ಗಾಡಿ ಮಾರ್ಬೇಕೇನೇ?"

"ಗಾಡಿ ಯಾಕೆ ಮಾರ್ತೀರಾ? ಗಾಡಿ ಚೆನ್ನಾಗಿದೆ. ಓಡ್ಸೋರು ಬದಲಾದ್ರೆ ಸಾಕು. ಕೀ ಕೊಡಿ."

ಮಾರನೇ ದಿನ ತಂಗಿಯ ಚೂಡಿದಾರ ಹಾಕ್ಕೊಂಡು ನನ್ನ ಹೆಂಡತಿ ಗಾಡಿ ಏರಿದಳು. ನಾನು ಹಿಂದೆ, ಕಂಬಳಿ ಮೇಲೆ. ಹಾಲು ಹಾಕಿ ಬರ್ತಿದ್ದಿದ್ದು ನಿಜ ಕಣ್ರೀ! ಹಂಪ್ ಬಂದಿದ್ದೇ ಗೊತ್ತಾಗಲಿಲ್ಲ. ಅಷ್ಟು ಸುಖವಾಗಿತ್ತು ಹಿಂದೆ, ಅದನ್ನ ಬಾಯಿ ಬಿಟ್ಟು ಹೇಳಕ್ಕಾಗದೆ ಹೊಟ್ಟೆ ಉರ್ಕೊಂಡು ಕೂತಿದ್ದೆ.

ಕಡೂರಿಗೆ ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಮೆಕ್ಯಾನಿಕ್ ಹತ್ರ ನಿಲ್ಲಿಸಿದಳು.

"ನೋಡಪ್ಪಾ, ಇನ್ಮೇಲೆ ಓಡ್ಸೋದು ನಾನು. ಮುಂದೆ ನನಗೆ ತಕ್ಕಂಗೆ ಹ್ಯಾಂಡಲ್ ಇಡು. ಹಿಂದೆ ಇವರಿಗೆ ತಕ್ಕಂಗೆ ಬಿಗಿ ಮಾಡು."

ಅವನು ನನ್ನ ಕಡೆ ತಿರುಗಿ ಕೇಳಿದ: "ಸಾರ್, ತೂಕ ಎಷ್ಟು?"

ಹೇಳಿದೆ. ಮದುವೆ ಹೊತ್ತಿನದು.

ಹೆಂಡತಿ ನನ್ನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿ, ಅವನಿಗೆ ಹೇಳಿದಳು: "ಅದನ್ನ ನಂಬಬೇಡ. ಮಂಡಿಯಿಂದ ಎರಡು ಮೂಟೆ ತರ್ಸಿ ಕಟ್ಟು. ಮೇಲಿನದಕ್ಕೆ ಹೆಲ್ಮೆಟ್ ಹಾಕು."